ಕರಸ್ಥಲವೂ ಜಂಗಮವಾಣಿಯೂ



ಮೊಬೈಲ್ ಫೋನಿಗೆ ಕನ್ನಡದಲ್ಲಿ ಜಂಗಮವಾಣಿಯೆಂಬ ಹೆಸರೂ ಉಂಟು. ಹೆಸರಿಟ್ಟವರು ‘ಚಲಿಸುವದು’ ಎಂಬ ಧಾತ್ವರ್ಥವನ್ನಷ್ಟೇ ನೋಡಿರಬೇಕು. ಆದರೆ ಜಂಗಮವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಕೈ ಮುಗಿಯುವ ನಮ್ಮಂಥವರಿಗೆ ಅದರಲ್ಲಿ ಒಂದು ವಿನೋದವು ತೋರದೆ ಇರದು. ಯಂತ್ರವು ಜಂಗಮವಾಯಿತು, ಅದನ್ನು ಹಿಡಿದವನು ಸ್ಥಾವರನಾದನು! ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ, ಕಡೆಗೆ ಮಠದ ಜಗಲಿಯ ಮೇಲೆಯೂ ತಲೆ ಬಾಗಿಸಿ ಕಂಬದಂತೆ ಕುಳಿತವರನ್ನು ನಿತ್ಯವೂ ಕಾಣುತ್ತೇವೆ.

ನಗೆಯು ಹಾಗಿರಲಿ. ವೀರಶೈವನ ಅಂಗೈಗೆ ಕರಸ್ಥಲವೆಂದು ಹೆಸರು. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸಿ, ದೃಷ್ಟಿಯ ಹಿಂದೆ ಮನಸ್ಸನ್ನೂ ಕರೆದೊಯ್ಯುವದು ನಮ್ಮ ಪೂಜಾಕ್ರಮ. ಅಲ್ಲಮಪ್ರಭುಗಳಿಗೆ ಲಿಂಗವು ದೊರೆತುದು ಅನಿಮಿಷಯ್ಯನ ಅಂಗೈಯಿಂದ; ರೆಪ್ಪೆ ಮಿಡಿಯದವನೆಂಬುದೇ ಆ ಹೆಸರಿನ ಅರ್ಥ. ಇಂದು ಅದೇ ಅಂಗೈಯಲ್ಲಿ, ಅಷ್ಟೇ ದೂರದಲ್ಲಿ, ಹಾಗೆಯೇ ಕತ್ತು ಬಾಗಿಸಿ ನಾವು ನೋಡುತ್ತಿರುವದು ಬೇರೊಂದನ್ನು. ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವದೂ ಕಡಿಮೆಯಾಗುವದೆಂದು ನೇತ್ರವೈದ್ಯರು ಹೇಳುವರು. ಬೇಡದ ಅನಿಮಿಷತ್ವವು ಹೀಗೆ ಅನಾಯಾಸವಾಗಿ ಪ್ರಾಪ್ತವಾಗಿರುವದು.

ಈ ವಿಚಾರವು ಮನಸ್ಸಿನಲ್ಲಿ ಸುಳಿಯಲಾಗಿ, ಕಳೆದ ಶ್ರಾವಣದ ಸೋಮವಾರಗಳಂದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಫೋನನ್ನು ಪೆಟ್ಟಿಗೆಯಲ್ಲಿ ಇಟ್ಟಿರುವ ನೇಮವನ್ನು ಹಿಡಿದೆನು. ಮೊದಲನೆಯ ಸೋಮವಾರವೇ ಬಹಳ ಕಲಿಸಿತು. ಅಮರಕೋಶದ ಪಾಠವನ್ನು ಹೇಳುತ್ತಿರುವಾಗ ಬಲಗೈಯು ತಾನಾಗಿ ಜುಬ್ಬದ ಜೇಬಿಗೆ ಹೋಯಿತು. ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಪ್ರಸಾದದ ವೇಳೆಗೆ ಇಲ್ಲದ ಫೋನು ತೊಡೆಯ ಬಳಿ ನಡುಗಿದಂತಾಯಿತು. ಇಂಥ ಭ್ರಮೆಯು ಅನೇಕರಿಗೆ ಆಗುವದೆಂದು ಮನೋವಿಜ್ಞಾನಿಗಳು ಬರೆದಿರುವರು. ಇಳಿಹೊತ್ತಿಗೆ ಊರ ಹೊರಗಿರುವ ಮಗನಿಗೆ ಏನಾದರೂ ಆಗಿದ್ದೀತೇ ಎಂಬ ಅಂಜಿಕೆಯು ಹುಟ್ಟಿತು. ಅಂಜಲಿಕ್ಕೆ ಕಾರಣವು ಏನೂ ಇದ್ದಿಲ್ಲ.

ಸಂಜೆ ಪೆಟ್ಟಿಗೆಯನ್ನು ತೆರೆದಾಗ 41 ಸಂದೇಶಗಳಿದ್ದವು. ಶುಭೋದಯದ ಹೂಗಳು, ಯಾರದೋ ಜನ್ಮದಿನಕ್ಕೆ ಯಾರೋ ಕೋರಿದ ಶುಭಾಶಯಗಳು, ಸಾಲ ಕೊಡುವೆವೆಂಬ ಜಾಹೀರಾತುಗಳು. ನನ್ನನ್ನೇ ಉದ್ದೇಶಿಸಿ ಬರೆದುದು ಒಂದೂ ಇದ್ದಿಲ್ಲ. ಏನೂ ಕೆಡಲಿಲ್ಲವೆಂದು ಸಮಾಧಾನವಾಗಬೇಕಾಗಿತ್ತು. ಅದರ ಬದಲು ಮನಸ್ಸು ಕುಗ್ಗಿತು. ಆ ಕುಗ್ಗಿನಲ್ಲಿಯೇ ರೋಗದ ಮೂಲವು ಕೈಗೆ ಸಿಕ್ಕಿತು. ಹಗಲೆಲ್ಲ ಕಾದುದು ವಾರ್ತೆಗಾಗಿ ಎಂದು ತಿಳಿದಿದ್ದೆನು. ನಿಜವಾಗಿ ಕಾದುದು, ಯಾರಾದರೂ ನನ್ನನ್ನು ಕೇಳಿದರೇ ಎಂಬುದಕ್ಕಾಗಿ.

ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕಬೇಡಿರಿ, ನಿಮ್ಮ ಬಯಕೆಯಲ್ಲಿಯೇ ಹುಡುಕಿರಿ ಎಂಬುದು ಅಲ್ಲಮಪ್ರಭುಗಳ ಬೋಧೆಯ ತಿರುಳು. ಆದುದರಿಂದ ಫೋನನ್ನು ಬೈದು ಪ್ರಯೋಜನವಿಲ್ಲ. ಆದರೂ ಈ ಬಯಕೆಯನ್ನು ಬಲ್ಲವರು ಯಂತ್ರದೊಳಗೆ ಅದಕ್ಕೆ ಮೇವನ್ನು ಇರಿಸಿರುವರೆಂಬುದನ್ನು ಮರೆಯಲಾಗದು. ಫೇಸ್‌ಬುಕ್ಕಿನಲ್ಲಿ ಮೆಚ್ಚುಗೆಯ ಗುಂಡಿಯು ಬಂದುದು 2009ರಲ್ಲಿ. ಸಂದೇಶವನ್ನು ಓದಿದರೆಂದು ತಿಳಿಸುವ ವಾಟ್ಸಾಪಿನ ನೀಲಿ ಗುರುತು ಬಂದುದು 2014ರಲ್ಲಿ. ಮೆಚ್ಚಿದರೇ, ಓದಿದರೇ, ಓದಿಯೂ ಸುಮ್ಮನಿದ್ದರೇ? ಇವೇ ಪ್ರಶ್ನೆಗಳು ದಿನವಿಡೀ ಕೊರೆಯುವವು. ಅಮೆರಿಕದ ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿಯು ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿಯನ್ನು ತೋರಿಸಿದ್ದನು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವದೆಂಬುದು ಗೊತ್ತಿಲ್ಲದಿದ್ದಾಗ ಹಕ್ಕಿಯು ಬಿಡದೆ ಕುಕ್ಕುತ್ತಲೇ ಇರುವದು. ಪರದೆಯನ್ನು ಬೆರಳಿನಿಂದ ತಳ್ಳುತ್ತ ಕುಳಿತವರನ್ನು ಕಂಡಾಗ ಆ ಹಕ್ಕಿಯ ನೆನಪು ನನಗೆ ಬರುವದು.

ಹಾಗಾದರೆ ಫೋನನ್ನು ಬಿಟ್ಟೇಬಿಡಬೇಕೇ ಎಂದು ತರುಣರು ಕೇಳುವರು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ನಡೆದುದು ಇದರಿಂದಲೇ. ಹಣದ ವ್ಯವಹಾರ, ಪೇಟೆಯ ಧಾರಣೆ, ದೂರದ ಮಕ್ಕಳ ಯೋಗಕ್ಷೇಮ ಎಲ್ಲವೂ ಈಗ ಇದರಲ್ಲಿಯೇ. ಕಾಯಕಕ್ಕೆ ಬೇಕಾದುದನ್ನು ಬಿಡೆಂದು ಯಾವ ಶರಣರೂ ಹೇಳಲಿಲ್ಲ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದನು. ಆ ತಾಯಿಯು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಹಿಂದಕ್ಕೆ ಕಳುಹಿದಳು. ಅಕ್ಕಿಯು ಕೆಟ್ಟದ್ದೆಂದು ಆಕೆ ಹೇಳಲಿಲ್ಲ. ಇಂದಿಗೆ ಎಷ್ಟು ಬೇಕೆಂದು ಅಳೆದಳು. 41 ಸಂದೇಶಗಳ ರಾಶಿಯ ಮುಂದೆ ಕುಳಿತಾಗ ನಮಗೆ ಬೇಕಾದುದು ಆ ಅಳತೆಯ ಕಣ್ಣು. ಫೋನಿಲ್ಲದೆ ಒಂದು ಹಗಲು ಇದ್ದೆನೆಂದು ಮರುದಿನ ಅದೇ ಫೋನಿನಲ್ಲಿ ಚಿತ್ರಸಹಿತ ಸಾರುವವರೂ ಉಂಟು. ಅವರ ವ್ರತವು ಎಲ್ಲಿಗೆ ಮುಟ್ಟಿತೆಂಬುದನ್ನು ವಿಸ್ತರಿಸುವದು ಬೇಡ.

ಒಬ್ಬನೇ ನೇಮ ಹಿಡಿಯುವದು ಕಠಿಣವೆಂಬುದು ನಿಜ. ನಮ್ಮ ಬೆಳಗಾವಿಗೆ ನೆರೆಯದಾದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ ಎಂಬ ಹಳ್ಳಿಯವರು 2022ರಲ್ಲಿ ಊರಿಗೆ ಊರೇ ಕೂಡಿ ಇದನ್ನು ಆರಂಭಿಸಿದರು. ಸಂಜೆ 7 ಗಂಟೆಗೆ ಗುಡಿಯ ಮೇಲಿನ ಭೋಂಗಾ ಕೂಗಿದೊಡನೆ ಒಂದೂವರೆ ತಾಸು ಫೋನು, ಟೀವಿಗಳನ್ನು ಬಂದು ಮಾಡಿ, ಮಕ್ಕಳು ಓದಲು ಕೂಡ್ರುವ ಪದ್ಧತಿ ಅದು. ಊರೆಲ್ಲ ಸುಮ್ಮನಾದಾಗ ಯಾರೂ ಯಾರ ಕರೆಗೂ ಕಾಯಬೇಕಾಗುವದಿಲ್ಲ.

ಅಷ್ಟು ಆಗದಿದ್ದರೂ ಪೂಜೆಯ ವೇಳೆಯೊಂದನ್ನು ನಾವು ಕಾಯ್ದುಕೊಳ್ಳಬಹುದು. ಲಿಂಗವು ಕರಸ್ಥಲಕ್ಕೆ ಬರುವ ಮುಂಚೆ ಫೋನು ಬೇರೆ ಕೋಣೆಗೆ ಹೋಗಲಿ. ಮಗ್ಗುಲಲ್ಲಿ ಬೋರಲಾಗಿ ಇಟ್ಟರೆ ಸಾಲದು, ಮನಸ್ಸು ಅದರ ಬೆನ್ನನ್ನೇ ನೋಡುತ್ತಿರುವದು. ಮನೆಯಲ್ಲಿ ಬೇನೆಯವರಿದ್ದರೆ, ಬಸುರಿ ಮಗಳು ಪರ ಊರಿನಲ್ಲಿದ್ದರೆ, ಪಡಸಾಲೆಯಲ್ಲಿ ಗಟ್ಟಿಯಾಗಿ ಬಾರಿಸುವಂತೆ ಇಟ್ಟಿರಬೇಕು. ಬಾರಿಸಿದರೆ ಲಿಂಗವನ್ನು ಕರಡಿಗೆಯಲ್ಲಿ ಇಳಿಸಿ ಎದ್ದು ಹೋಗಬಹುದು. ಸಂಕಟದಲ್ಲಿರುವವರ ಕರೆಗೆ ಓಗೊಟ್ಟುದರಿಂದ ಪೂಜೆಗೆ ಭಂಗವಿಲ್ಲ.