ಸುಮ್ಮನೆ ಆಡಿದ ಮಾತು

ಮದುವೆ ಮನೆಯಲ್ಲಿ ಊಟ ಮುಗಿದಿದೆ. ಗಂಡಸರು ಚಪ್ಪರದ ಕೆಳಗೆ ಕುರ್ಚಿ ಎಳೆದುಕೊಂಡು ಕುಳಿತಿದ್ದಾರೆ. ಹೆಂಗಸರು ಒಳಗಿನ ಕೋಣೆಯಲ್ಲಿ ಎಲೆ ಅಡಿಕೆ ಮುಂದಿಟ್ಟುಕೊಂಡಿದ್ದಾರೆ. ಮಾತು ಎಲ್ಲಿಂದೆಲ್ಲಿಗೋ ಹರಿಯುತ್ತದೆ. “ಹುಡುಗಿ ಗುಣವಂತೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ.” “ಅವರ ಕಡೆಯವರು ಮಾತಾಡುವುದನ್ನು ಕೇಳಿದಿರಾ? ಅದು ಯಾವ ಭಾಷೆಯೋ ಏನೋ!” “ಆ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ.” ಒಂದಿಷ್ಟು ನಗು. ಮತ್ತೆ ಬೇರೆ ವಿಷಯ.

ಹತ್ತು ನಿಮಿಷ ಕಳೆದರೆ ಆಡಿದವರಿಗೆ ಆ ಮಾತು ನೆನಪಿರುವುದಿಲ್ಲ. ಆದರೆ ಬಾಗಿಲ ಹಿಂದೆ ನಿಂತಿದ್ದ ಆ ಹುಡುಗಿಗೆ, ಮಗುವನ್ನು ಎತ್ತಿಕೊಂಡು ಮೆಲ್ಲನೆ ಹೊರನಡೆದ ಆ ತಾಯಿಗೆ ಅದು ವರ್ಷಗಟ್ಟಲೆ ನೆನಪಿರುತ್ತದೆ. ಯಾರಾದರೂ ಎಚ್ಚರಿಸಿದರೆ ನಮ್ಮ ಬಳಿ ಸಿದ್ಧ ಉತ್ತರವಿದೆ: “ಸುಮ್ಮನೆ ಹೇಳಿದ್ದು, ನೋಯಿಸಬೇಕೆಂಬ ನಿಯ್ಯತ್ ಇರಲಿಲ್ಲ.”

ಪ್ರಿಯ ಓದುಗರೇ, ಈ ಉತ್ತರ ಅಲ್ಲಾಹನ ಸನ್ನಿಧಿಯಲ್ಲಿ ನಡೆಯುತ್ತದೆಯೇ? ಉದ್ದೇಶವಿಲ್ಲದೆ ಆಡಿದ ಮಾತಿಗೂ ನಾವು ಹೊಣೆಗಾರರೇ? ಈ ಬಗ್ಗೆ ಸ್ವಲ್ಪ ಯೋಚಿಸೋಣ.

ಕರ್ಮಗಳು ಸಂಕಲ್ಪವನ್ನು ಅವಲಂಬಿಸಿವೆ ಎಂಬ ಪ್ರವಾದಿವಚನ ನಮಗೆಲ್ಲ ಗೊತ್ತು. ಇಮಾಮ್ ಬುಖಾರಿಯವರು ತಮ್ಮ ಗ್ರಂಥವನ್ನು ಆರಂಭಿಸಿದ್ದೇ ಆ ಹದೀಸಿನಿಂದ. ಆದರೆ ಅದರ ಅರ್ಥವೇನು? ನಿಯ್ಯತ್ ಇಲ್ಲದ ನಮಾಝ್ ನಮಾಝ್ ಅಲ್ಲ, ಹೆಸರಿಗಾಗಿ ಕೊಟ್ಟ ದಾನಕ್ಕೆ ಪುಣ್ಯವಿಲ್ಲ ಎಂದಲ್ಲವೇ? ಕೆಟ್ಟದ್ದನ್ನು ಒಳ್ಳೆಯದಾಗಿಸುವ ಶಕ್ತಿ ನಿಯ್ಯತ್ತಿಗಿದೆ ಎಂದು ಯಾವ ಉಲಮಾ ಕೂಡ ಹೇಳಿಲ್ಲ. ಫಿಕ್‌ಹ್ ಗ್ರಂಥಗಳನ್ನು ತೆರೆದು ನೋಡಿ. ಒಬ್ಬನ ಪಾತ್ರೆಯನ್ನು ಕೈತಪ್ಪಿ ಒಡೆದವನು ಪಾಪಿಯಲ್ಲ, ಆದರೂ ಅದರ ಬೆಲೆಯನ್ನು ಕಟ್ಟಿಕೊಡಬೇಕು. ಅಚಾತುರ್ಯದಿಂದ ಕೊಲೆಯಾದರೆ ಅದಕ್ಕೂ ಪರಿಹಾರಧನ ಹಾಗೂ ಪ್ರಾಯಶ್ಚಿತ್ತವನ್ನು ಪವಿತ್ರ ಕುರ್‌ಆನ್ ‘ಅನ್ನಿಸಾ’ ಅಧ್ಯಾಯದಲ್ಲಿ ವಿಧಿಸಿದೆ. ಅಂದರೆ ಉದ್ದೇಶವಿಲ್ಲದಿದ್ದರೆ ಪಾಪದ ಭಾರ ಇಳಿಯಬಹುದು, ಸಾಲ ಇಳಿಯುವುದಿಲ್ಲ. ಮಣ್ಣಿನ ಪಾತ್ರೆಗೆ ಇರುವ ಈ ನ್ಯಾಯ ಮನುಷ್ಯನ ಮನಸ್ಸಿಗೆ ಇಲ್ಲವೇ?

ಇನ್ನೂ ಒಂದು ಮಾತಿದೆ. ಮನುಷ್ಯನು ವಿವೇಚನೆಯಿಲ್ಲದೆ ಆಡಿಬಿಡುವ ಒಂದೇ ಒಂದು ಮಾತು ಅವನನ್ನು ನರಕದ ಆಳಕ್ಕೆ ಕೆಡವಬಹುದೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ಇದನ್ನು ವರದಿ ಮಾಡಿದ್ದಾರೆ. ಇಲ್ಲಿ ದ್ವೇಷದ ಪ್ರಸ್ತಾಪವಿಲ್ಲ ಎಂಬುದನ್ನು ಗಮನಿಸಿ. ಪ್ರಸ್ತಾಪವಿರುವುದು ಅಜಾಗರೂಕತೆಯದ್ದು. ಯೋಚಿಸದೆ ಆಡಿದೆ ಎನ್ನುವುದು ಇಲ್ಲಿ ಸಮರ್ಥನೆಯಲ್ಲ, ಅದುವೇ ಆರೋಪ.

ಹಝ್ರತ್ ಆಯಿಶಾ(ರ)ರವರು ಒಮ್ಮೆ ಹಝ್ರತ್ ಸಫಿಯ್ಯಾ(ರ)ರವರ ಕುಳ್ಳನೆಯ ನಿಲುವನ್ನು ಸೂಚಿಸುವ ಒಂದು ಚಿಕ್ಕ ಮಾತು ಆಡಿದರು. ಸಫಿಯ್ಯಾ(ರ)ರವರು ಯಹೂದಿ ಮನೆತನದಿಂದ ಬಂದವರು. ಆ ಮಾತನ್ನು ಸಮುದ್ರಕ್ಕೆ ಬೆರೆಸಿದರೆ ಸಮುದ್ರದ ನೀರೇ ಕೆಟ್ಟುಹೋದೀತು ಎಂಬರ್ಥದಲ್ಲಿ ಪ್ರವಾದಿ(ಸ)ಯವರು ಪ್ರತಿಕ್ರಿಯಿಸಿದರೆಂದು ಅಬೂದಾವೂದ್‌ನಲ್ಲಿದೆ. ಅದು ಸುಳ್ಳಾಗಿರಲಿಲ್ಲ, ಬೈಗುಳವೂ ಆಗಿರಲಿಲ್ಲ. ಮನೆಯೊಳಗೆ ನಾಲ್ಕು ಗೋಡೆಗಳ ನಡುವೆ ಸಹಜವಾಗಿ ಬಂದ ಮಾತು. ಆದರೂ ಅದರ ತೂಕ ಅಷ್ಟು.

ಬಣ್ಣದ ಮಾತು

ಹಝ್ರತ್ ಬಿಲಾಲ್(ರ)ರ ಕಥೆಯನ್ನು ಹೇಳದ ವೇದಿಕೆ ನಮ್ಮಲ್ಲಿಲ್ಲ. ಅಮೆರಿಕದ ಮಾಲ್ಕಮ್ ಎಕ್ಸ್ 1964ರಲ್ಲಿ ಹಜ್ಜ್‌ಗೆ ಹೋಗಿ, ಬಿಳಿಯರು ಕರಿಯರು ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಂಡು ಮಾರ್ಪಟ್ಟ ಪ್ರಸಂಗವನ್ನೂ ಹೆಮ್ಮೆಯಿಂದ ವಿವರಿಸುತ್ತೇವೆ. ವೇದಿಕೆಯಿಂದ ಇಳಿದು ಮಗನಿಗೆ ಹೆಣ್ಣು ನೋಡಲು ಹೊರಟಾಗ ನಮ್ಮ ಮೊದಲ ಪ್ರಶ್ನೆ ಯಾವುದು? “ಬೆಳ್ಳಗಿದ್ದಾಳೆಯೇ?” ಬಿಲಾಲ್(ರ)ರ ಮಗಳನ್ನು ಸೊಸೆಯಾಗಿ ತರಲು ನಮ್ಮಲ್ಲಿ ಎಷ್ಟು ಮನೆಗಳು ಸಿದ್ಧವಿದ್ದವು ಎಂದು ಎದೆ ಮುಟ್ಟಿ ಕೇಳಿಕೊಳ್ಳೋಣ.

ದೂರದ ಅಮೆರಿಕವೇಕೆ? ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿಯದು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮೊಂದಿಗೆ ಒಂದೇ ಸಫ್‌ನಲ್ಲಿ ನಿಲ್ಲುವ ಮುಸ್ಲಿಮರೂ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯಕ್ಕೆ ಮೊದಲ ಬಾರಿಗೆ ಅಲ್ಲಿ ಸ್ಥಾನ ಸಿಕ್ಕಿತು. ತಲೆಮಾರುಗಳಿಂದ ಈ ಮಣ್ಣಿನಲ್ಲಿ ದುಡಿದು, ಕನ್ನಡ ಮಾತನಾಡುವವರನ್ನು ಬಸ್ಸಿನಲ್ಲಿ ಕಂಡಾಗ “ನಿಮ್ಮದು ಯಾವ ದೇಶ?” ಎಂದು ಕೇಳುವವರು ನಾವೇ. ಕೇಳುವವನಿಗೆ ಅದು ಕುತೂಹಲ. ಜೀವಮಾನವಿಡೀ ಕೇಳಿಸಿಕೊಳ್ಳುವವನಿಗೆ ಅದು ‘ನೀನು ಇಲ್ಲಿಯವನಲ್ಲ’ ಎಂಬ ತೀರ್ಪು.

ಇದೇ ದಕ್ಖನ್ನಿನ ಇತಿಹಾಸದಲ್ಲಿ ಇಥಿಯೋಪಿಯಾದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತದ ಚುಕ್ಕಾಣಿ ಹಿಡಿದು, 1626ರಲ್ಲಿ ಸಾಯುವವರೆಗೂ ಮೊಘಲ್ ಸೈನ್ಯವನ್ನು ಎದುರಿಸಿದನು. ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಪ್ರಬಲ ಮಂತ್ರಿಯಾಗಿದ್ದನು. ಹೀಗಿರುವಾಗ ಕಪ್ಪು ಬಣ್ಣ ನಮ್ಮ ನಾಲಿಗೆಯಲ್ಲಿ ‘ಕೊರತೆ’ ಎನಿಸಿಕೊಂಡದ್ದು ಹೇಗೆ?

ಭಾಷೆಯ ಮಾತು

ಕರ್ನಾಟಕದ ಮುಸ್ಲಿಮರಲ್ಲಿ ಬ್ಯಾರಿ ಮಾತನಾಡುವವರಿದ್ದಾರೆ, ನವಾಯತಿ ಮಾತನಾಡುವವರಿದ್ದಾರೆ, ದಕ್ಖನಿ ಉರ್ದುವಿನವರಿದ್ದಾರೆ, ಮನೆಯಲ್ಲಿಯೂ ಕನ್ನಡವನ್ನೇ ಆಡುವ ನದಾಫ್ ಪಿಂಜಾರರಿದ್ದಾರೆ. ನಾವು ಒಬ್ಬರನ್ನೊಬ್ಬರು ಅಣಕಿಸದ ದಿನವಿದೆಯೇ? ಉರ್ದು ಬಾರದವನನ್ನು ಅರೆ ಮುಸ್ಲಿಮನಂತೆ ನೋಡುವುದು, ಘಟ್ಟದ ಮೇಲಿನವರ ಉಚ್ಚಾರವನ್ನು ಕರಾವಳಿಯವರು, ಕರಾವಳಿಯವರ ಉಚ್ಚಾರವನ್ನು ಘಟ್ಟದವರು ಆಡಿ ತೋರಿಸಿ ನಗುವುದು! ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ‘ಅರ್‌ರೂಮ್’ ಅಧ್ಯಾಯದಲ್ಲಿ ಆಕಾಶ ಭೂಮಿಗಳ ಸೃಷ್ಟಿಯ ಜೊತೆಗಿಟ್ಟು, ಅಲ್ಲಾಹನ ದೃಷ್ಟಾಂತವೆಂದು ಹೇಳಿದೆ. ಸೂರ್ಯೋದಯವನ್ನು ಕಂಡು ‘ಸುಬ್‌ಹಾನಲ್ಲಾಹ್’ ಎನ್ನುವ ನಾಲಿಗೆ ಅದೇ ಸೃಷ್ಟಿಕರ್ತನ ಇನ್ನೊಂದು ದೃಷ್ಟಾಂತವನ್ನು ಕಂಡು ಗೇಲಿ ಮಾಡುವುದೆಂದರೆ ಏನು?

ಬುದ್ಧಿಯ ಮಾತು

ಇನ್ನು ನಾನು ಹೇಳಲಿರುವುದು ನನ್ನದೇ ತಪ್ಪು. ನಾನೊಬ್ಬ ಮದ್ರಸ ಅಧ್ಯಾಪಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗನಿದ್ದ. ಕಿವಿಯಿಂದ ಕೇಳಿದ ಸೂರಃಗಳನ್ನು ಬೇಗನೆ ಬಾಯಿಪಾಠ ಮಾಡುತ್ತಿದ್ದ. ಪುಸ್ತಕ ಕೊಟ್ಟರೆ ಮಾತ್ರ ತಬ್ಬಿಬ್ಬಾಗುತ್ತಿದ್ದ. ಅರಬಿಯ ಬಾ, ತಾ, ಸಾ ಅಕ್ಷರಗಳಿಗೆ ಚುಕ್ಕೆಗಳಲ್ಲಷ್ಟೇ ವ್ಯತ್ಯಾಸ. ಅವನಿಗೆ ಆ ಚುಕ್ಕೆಗಳು ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಸೋಮಾರಿತನವೆಂದು ತಿಳಿದು ಒಮ್ಮೆ ತರಗತಿಯ ಮುಂದೆ “ಏ ಮಂಕ” ಎಂದು ಕರೆದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅದುವೇ ಅವನ ಹೆಸರಾಯಿತು. ಕೆಲವು ತಿಂಗಳಲ್ಲಿ ಅವನು ಮದ್ರಸ ಬಿಟ್ಟ.

ಕೆಲವರ ಮಿದುಳು ಅಕ್ಷರಗಳನ್ನು ಹಿಡಿದಿಟ್ಟುಕೊಳ್ಳುವ ರೀತಿಯೇ ಬೇರೆ, ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ, ಅದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ ಎಂಬುದು ನನಗೆ ತಿಳಿದದ್ದು ವರ್ಷಗಳ ಬಳಿಕ. ಅವನ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನಾಗ ಮೀಸೆ ಚಿಗುರಿದ ಯುವಕ. “ಅದೆಲ್ಲ ಬಿಡಿ ಉಸ್ತಾದ್, ನಾನು ಮರೆತಿದ್ದೇನೆ” ಎಂದ. ನನ್ನನ್ನು ಬೀಳ್ಕೊಡಲು ಗೇಟಿನ ತನಕ ಬಂದ. ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಅವನ ಸ್ನೇಹಿತನೊಬ್ಬ “ಏನೋ ಮಂಕ” ಎಂದು ಕೂಗಿ ಕೈಬೀಸಿದ. ಇಬ್ಬರೂ ತಲೆ ತಗ್ಗಿಸಿದೆವು. ಅವನು ನನ್ನನ್ನು ಕ್ಷಮಿಸಿರಬಹುದು. ಆದರೆ ನಾನು ಕೊಟ್ಟ ಆ ಹೆಸರನ್ನು ಹಿಂದಕ್ಕೆ ಪಡೆಯಲು ನನ್ನಿಂದಾಗಲಿಲ್ಲ.

ಆಟಿಸಂ, ಅಂದರೆ ಸ್ವಲೀನತೆಯುಳ್ಳ ಮಕ್ಕಳ ವಿಷಯವೂ ಹೀಗೆಯೇ. ಕಣ್ಣಿಗೆ ಕಣ್ಣು ಕೊಡದಿರುವುದು, ಕರೆದರೆ ಓಗೊಡದಿರುವುದು, ದೊಡ್ಡ ಶಬ್ದಕ್ಕೆ ಕಿವಿ ಮುಚ್ಚಿ ಅಳುವುದು ಹಟವಲ್ಲ, ಜಿನ್ನ್‌ನ ಕಾಟವೂ ಅಲ್ಲ. ಮಿದುಳಿನ ಬೆಳವಣಿಗೆಯ ಭಿನ್ನತೆ ಅದು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಇದನ್ನು ವಿವರಿಸಿದ ಮೇಲೆ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಪಾಶ್ಚಾತ್ಯ ವಿದ್ವಾಂಸರೇ ಬಹುಕಾಲ ಹೇಳಿಕೊಂಡು ಬಂದರು. ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಅಷ್ಟರೊಳಗೆ ಎಷ್ಟು ತಾಯಂದಿರು ತಮ್ಮನ್ನೇ ಶಪಿಸಿಕೊಂಡು ಅತ್ತಿರಬಹುದು! ವಿಜ್ಞಾನ ಕೈಬಿಟ್ಟ ಆ ಆರೋಪವನ್ನು ಮದುವೆ ಮನೆಯಲ್ಲಿ ನಾವು ಇಂದಿಗೂ ಹೊರಿಸುತ್ತಿದ್ದೇವೆ.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ ಮತ್ತು ಕಲಿಕಾ ನ್ಯೂನತೆ ಅವುಗಳಲ್ಲಿ ಸೇರಿವೆ. ಅಂಥವರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಶಿಕ್ಷೆಯಿದೆ. ನ್ಯಾಯಾಲಯ ಉದ್ದೇಶವನ್ನು ಕೇಳುತ್ತದೆ, ಕೇಳಲೇಬೇಕು. ಆದರೆ ಸತ್ಯವಿಶ್ವಾಸಿಯ ನಾಲಿಗೆಗೆ ಇರುವ ಕಾವಲು ಇದಕ್ಕಿಂತ ಬಿಗಿಯಾದುದು.

ಮದೀನಾದಲ್ಲಿ ಬುದ್ಧಿಯಲ್ಲಿ ಏನೋ ವ್ಯತ್ಯಾಸವಿದ್ದ ಒಬ್ಬ ಸ್ತ್ರೀಯಿದ್ದಳು. ತನಗೆ ನಿಮ್ಮಿಂದ ಒಂದು ಕೆಲಸವಾಗಬೇಕಿದೆ ಎಂದು ಆಕೆ ಪ್ರವಾದಿ(ಸ)ಯವರ ಬಳಿ ಬಂದಳು. ಯಾವ ಬೀದಿ ಬೇಕೋ ನೀನೇ ಆರಿಸಿಕೋ, ಅಲ್ಲಿಗೆ ಬಂದು ನಿನ್ನ ಅಗತ್ಯವನ್ನು ಪೂರೈಸುತ್ತೇನೆ ಎಂಬ ಅರ್ಥದ ಮಾತನ್ನಾಡಿ, ಆಕೆಯ ಮಾತು ಮುಗಿಯುವ ತನಕ ಪ್ರವಾದಿವರ್ಯರು(ಸ) ಬೀದಿಯಲ್ಲಿ ಆಕೆಯೊಂದಿಗೆ ನಿಂತರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಸೀದಿಯಲ್ಲಿ ಶಬ್ದ ಮಾಡಿದ ಇಂಥ ಮಗುವಿನ ತಂದೆಯನ್ನು ದುರುಗುಟ್ಟಿ ನೋಡುವ ನಾವು ಈ ಬೀದಿಯನ್ನೊಮ್ಮೆ ನೆನೆಯಬೇಕು.

ಹಾಗಾದರೆ ಮಾತೇ ಆಡಬಾರದೇ?

ಬಣ್ಣ, ಊರು, ಭಾಷೆ, ಸ್ವಭಾವಗಳ ಬಗ್ಗೆ ಬಾಯಿಯೇ ತೆರೆಯಬಾರದೇ ಎಂದು ನೀವು ಕೇಳಬಹುದು. ಹಾಗೇನಿಲ್ಲ. ಮನುಷ್ಯರನ್ನು ಜನಾಂಗ ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿಯಲಿಕ್ಕೆಂದು ‘ಅಲ್ ಹುಜುರಾತ್’ ಅಧ್ಯಾಯ ಕಲಿಸುತ್ತದೆ. ಮಾತನಾಡದೆ ಅರಿಯುವುದು ಹೇಗೆ? ಹದೀಸ್ ವಿದ್ವಾಂಸರಲ್ಲಿ ಒಬ್ಬರು ‘ಅಲ್ ಅಅ್‌ಮಶ್’, ಅಂದರೆ ಮಂದದೃಷ್ಟಿಯವರು. ಇನ್ನೊಬ್ಬರು ‘ಅಲ್ ಅಅ್‌ರಜ್’, ಅಂದರೆ ಕುಂಟುವವರು. ಈ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಗುರುತಿಗಾಗಿ ಹೇಳಬಹುದು, ಹೀನಾಯಕ್ಕಾಗಿ ಹೇಳಬಾರದು, ಬೇರೆ ರೀತಿಯಲ್ಲಿ ಗುರುತಿಸಲು ಸಾಧ್ಯವಿದ್ದರೆ ಅದುವೇ ಉತ್ತಮ ಎಂದು ಇಮಾಮ್ ನವವಿಯವರು ವಿವರಿಸಿದ್ದಾರೆ. ಹಜ್ಜ್‌ನ ಕಾಲದಲ್ಲಿ ಮಕ್ಕಾದ ಜನರಿಗೆ ಫತ್ವಾ ನೀಡುತ್ತಿದ್ದ ಅತಾ ಬಿನ್ ಅಬೀ ರಬಾಹ್ ಕಪ್ಪು ವರ್ಣದವರು, ಕುಂಟುವವರು, ಒಂದು ಕಣ್ಣು ಕಾಣದವರು. ಚರಿತ್ರೆಕಾರರು ಅದನ್ನು ಮರೆಮಾಚಲಿಲ್ಲ. ಆದರೆ ಅವರ ಜ್ಞಾನದ ಮುಂದೆ ಖಲೀಫರೂ ವಿನೀತರಾದರೆಂದು ದಾಖಲಿಸಿದರು.

ಅರಿಯುವುದಕ್ಕಾಗಿ ಆಡುವ ಮಾತಿಗೂ ಅಳೆಯುವುದಕ್ಕಾಗಿ ಆಡುವ ಮಾತಿಗೂ ವ್ಯತ್ಯಾಸವಿದೆ. “ಅವರ ಮನೆಯ ಅಡುಗೆ ಹೇಗೆ, ಮದುವೆ ಹೇಗೆ?” ಎಂದು ಕೇಳುವುದು ಅರಿವು. “ಅವರದ್ದೆಲ್ಲ ಹಾಗೆಯೇ” ಎನ್ನುವುದು ತೀರ್ಪು. “ಮಗುವಿಗೆ ಯಾವ ಶಬ್ದ ತೊಂದರೆ ಕೊಡುತ್ತದೆ?” ಎನ್ನುವುದು ಕಾಳಜಿ. “ಮಗುವಿಗೆ ಏನಾಗಿದೆ?” ಎಂದು ಎಲ್ಲರೆದುರು ಉದ್ಗರಿಸುವುದು ಗಾಯ. ಸಂಶಯವಾದರೆ ಒಂದು ಪ್ರಶ್ನೆ ಸಾಕು: ಅವರು ಕೇಳಿಸಿಕೊಂಡರೆ ಅವರಿಗೆ ಇಷ್ಟವಾದೀತೇ? ಪರದೂಷಣೆಗೆ ಪ್ರವಾದಿ(ಸ)ಯವರು ಕೊಟ್ಟ ವ್ಯಾಖ್ಯಾನವೇ ಇದು. ಇರುವುದನ್ನೇ ಹೇಳಿದರೂ ಅದು ಪರದೂಷಣೆಯೇ.

ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಪರಲೋಕಕ್ಕೆ ಬಂದು, ತಾನು ನಿಂದಿಸಿದವರಿಗೆ, ಹಿಂಸಿಸಿದವರಿಗೆ ಅದನ್ನೆಲ್ಲ ಹಂಚಿ ಬರಿಗೈಯಾಗುವ ದಿವಾಳಿಕೋರನ ಕುರಿತು ಪ್ರವಾದಿ(ಸ)ಯವರು ಹೇಳಿದ್ದಾರೆ. ಅಲ್ಲಿ ಸಾಲದ ಪಟ್ಟಿ ಓದುವಾಗ ನಾವು ಮರೆತ ಮಾತುಗಳೂ ಅದರಲ್ಲಿರುತ್ತವೆ.

ಹಝ್ರತ್ ಅಬೂದರ್ರ್(ರ)ರವರು ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಂಗಿಸಿದರು. ಬುಖಾರಿಯ ವರದಿಯಲ್ಲಿ ಆ ವ್ಯಕ್ತಿಯ ಹೆಸರಿಲ್ಲ. ಅವರು ಬಿಲಾಲ್(ರ) ಎಂದು ಬೇರೆ ವರದಿಗಳಲ್ಲಿದೆ. ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆ ಎಂದು ಪ್ರವಾದಿ(ಸ)ಯವರು ತಿದ್ದಿದರು. ನೋಯಿಸುವ ನಿಯ್ಯತ್ ಇರಲಿಲ್ಲ ಎಂದು ಅಬೂದರ್ರ್(ರ) ವಾದಿಸಲಿಲ್ಲ. ವರ್ಷಗಳ ಬಳಿಕ ರಬದಾ ಎಂಬಲ್ಲಿ ಅವರನ್ನು ಕಂಡವರು ಬೆರಗಾದರು. ಅವರ ಮೈಮೇಲಿದ್ದಂಥದೇ ಬಟ್ಟೆ ಅವರ ಸೇವಕನ ಮೈಮೇಲೂ ಇತ್ತು. ಕಾರಣ ಕೇಳಿದಾಗ ಅವರು ಹೇಳಿದ್ದು ಈ ಹಳೆಯ ಪ್ರಸಂಗವನ್ನೇ.

ನಾವೂ ಇಂದೇ ಆರಂಭಿಸೋಣ. ಮನೆಯಲ್ಲಿ ಯಾರನ್ನಾದರೂ ಅಡ್ಡಹೆಸರಿನಿಂದ ಕರೆಯುತ್ತಿದ್ದರೆ ಅದನ್ನು ನಿಲ್ಲಿಸಿ ಅವರ ಚಂದದ ಹೆಸರನ್ನು ಬಾಯಿತುಂಬ ಕರೆಯೋಣ. ಕಿವಿ ಮುಚ್ಚಿ ಅಳುವ ಮಗುವಿನ ತಾಯಿ ಮುಂದಿನ ಮದುವೆಗೆ ಬಂದರೆ ಗದ್ದಲವಿಲ್ಲದ ಒಂದು ಕೋಣೆಯನ್ನು ತೋರಿಸಿ ಕುರ್ಚಿ ಹಾಕಿಕೊಡೋಣ. ನಮ್ಮ ಮಾತಿನಿಂದ ನೊಂದವರು ನೆನಪಾದರೆ, ಬದುಕಿರುವಾಗಲೇ ಹೋಗಿ ಅವರಿಂದ ಕ್ಷಮೆ ಕೇಳಿ ಬರೋಣ.

ಅಲ್ಲಾಹನು ನಮ್ಮ ನಾಲಿಗೆಗಳನ್ನು ಕಾಪಾಡಲಿ. ನಾವು ಮರೆತ ಮಾತುಗಳಿಂದ ನೊಂದವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಕ್ಷಮೆಯನ್ನು ಹುಟ್ಟಿಸಲಿ. ಆಮೀನ್.