ಎರಡೆಕರೆ ಇಪ್ಪತ್ತು ಗುಂಟೆ

ಮಂಡ್ಯ ದಾಟಿ ಮೈಸೂರಿನತ್ತ ಹೊರಟರೆ ಸಿಗುವ ಯಲಿಯೂರಿನಲ್ಲಿ ಯಾರ ಜಮೀನು ಕೇಳಿದರೂ ಉತ್ತರ ಎಕರೆ, ಗುಂಟೆಯಲ್ಲೇ ಬರುತ್ತದೆ. ಪಹಣಿಯಲ್ಲಿ 2.20 ಎಂದಿದ್ದರೆ ಎರಡೆಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದೆಕರೆ, ಹಾಗಾಗಿ ಅದು ಎರಡೂವರೆ ಎಕರೆ. ಅಣ್ಣನದು 2.20, ತಮ್ಮನದು 1.30 ಇದ್ದರೆ ಒಟ್ಟು 4.10. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದನ್ನು ಬಾಯಲ್ಲೇ ಕೂಡಿ ಹೇಳುತ್ತಾಳೆ.

ಇದೇ ಲೆಕ್ಕವನ್ನು ಊರಿನ ಇಂಜಿನಿಯರಿಂಗ್ ಹುಡುಗನೊಬ್ಬ ಪೈಥಾನ್‌ನಲ್ಲಿ ಬರೆಯಲು ಕೂತ ಎನ್ನಿ. ಫೈಲಿನಿಂದ ಓದಿದ್ದು ಬರೀ ಅಕ್ಷರಗಳಾಗಿ ಬರುತ್ತದೆ. ಕೂಡಿಸಿದರೆ ಎರಡೂ ಅಂಟಿಕೊಂಡು 2.201.30 ಆಗುತ್ತದೆ. ದಶಮಾಂಶ ಸಂಖ್ಯೆ ಮಾಡಿ ಕೂಡಿಸಿದರೆ 3.5. ಮೊದಲನೆಯದು ನೋಡಿದೊಡನೆ ತಪ್ಪೆಂದು ಗೊತ್ತಾಗುತ್ತದೆ. ಎರಡನೆಯದು ಸರಿಯಿದ್ದಂತೆ ಕಾಣುತ್ತದೆ, ಅದೇ ಅಪಾಯ. ಸಾಲದ್ದಕ್ಕೆ 2.20ರ ಕೊನೆಯ ಸೊನ್ನೆ ಉದುರಿ 2.2 ಎಂದು ಅಚ್ಚಾಗುತ್ತದೆ. ಓದಿದವರು ಅದನ್ನು ಎರಡು ಗುಂಟೆ ಎಂದುಕೊಂಡರೆ ಹದಿನೆಂಟು ಗುಂಟೆ ಮಾಯ.

ಪೈಥಾನ್‌ನಂಥ ಭಾಷೆಯಲ್ಲಿ ಒಂದೇ ಹೆಸರಿನಡಿ ಈಗ ಸಂಖ್ಯೆ, ಆಮೇಲೆ ಅಕ್ಷರ, ಏನು ಬೇಕಾದರೂ ಕೂರಬಹುದು. ಅದಕ್ಕೇ ಬರೆಯುವವರು ಹೆಜ್ಜೆಹೆಜ್ಜೆಗೂ ಮೌಲ್ಯದ ಬಗೆಯನ್ನು, ಅಂದರೆ ಟೈಪನ್ನು, ಪರೀಕ್ಷಿಸಲು ಹೊರಡುತ್ತಾರೆ. ದಾರಿ ಎರಡು. ‘ನೀನು ನಿಖರವಾಗಿ ಇದೇ ಟೈಪಿನವನೋ’ ಎಂದು ಟೈಪ್ ಹೋಲಿಸಿ ಕೇಳಬಹುದು. ‘ಈ ಟೈಪಿನ ವಂಶದಲ್ಲಿ ಎಲ್ಲಾದರೂ ಬರುತ್ತೀಯೋ’ ಎಂದು ಇಸ್‌ಇನ್‌ಸ್ಟನ್ಸ್ ಮೂಲಕ ಕೇಳಬಹುದು. ಸಾಮಾನ್ಯವಾಗಿ ಎರಡನೆಯದೇ ಲೇಸು. ಆದರೆ ಪೈಥಾನ್‌ನಲ್ಲಿ ಹೌದು-ಅಲ್ಲ ಎಂಬ ಬೂಲಿಯನ್ ಕೂಡ ಪೂರ್ಣಾಂಕದ ವಂಶದ್ದೇ. ಗುಂಟೆಯ ಜಾಗದಲ್ಲಿ ‘ಟ್ರೂ’ ಬಂದು ಕೂತರೆ ಪರೀಕ್ಷೆ ತೇರ್ಗಡೆ, ಲೆಕ್ಕದಲ್ಲಿ ಅದು ಒಂದು ಗುಂಟೆ.

ವೇಗದ ಚಿಂತೆ ಬಹುಪಾಲು ಅನಗತ್ಯ. ಇಂಥ ಒಂದು ಸರಳ ಪರೀಕ್ಷೆಗೆ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಆಸುಪಾಸು ಸಮಯ ಸಾಕು. ಅಲ್ಲದೆ ಈ ಕೆಲಸವನ್ನು ಯಂತ್ರವೇ ಒಳಗೆ ಜಾಣತನದಿಂದ ಮಾಡುತ್ತದೆ. 1984ರಲ್ಲಿ ಡಾಯ್ಚ್ ಮತ್ತು ಶಿಫ್‌ಮನ್ ಸ್ಮಾಲ್‌ಟಾಕ್ ಭಾಷೆಗಾಗಿ ತೋರಿಸಿದ ಉಪಾಯವಿದು: ಒಂದು ಸಾಲಿಗೆ ಕಳೆದ ಸಲ ಯಾವ ಟೈಪ್ ಬಂದಿತ್ತೋ ಅದನ್ನು ನೆನಪಿಟ್ಟುಕೊ, ಈ ಸಲ ಅದೇ ಬಂದಿದೆಯೇ ಎಂದಷ್ಟೇ ನೋಡು. 2022ರ ಪೈಥಾನ್ 3.11 ವೇಗ ಗಳಿಸಿದ್ದರಲ್ಲೂ ಈ ಯೋಚನೆಯ ಪಾಲು ದೊಡ್ಡದು. ಒಂದು ಸಾಲಿಗೆ ಸದಾ ಒಂದೇ ಟೈಪ್ ಬರುವಂತೆ ಬರೆಯುವುದೇ ಯಂತ್ರಕ್ಕೆ ನಾವು ಮಾಡಬಹುದಾದ ದೊಡ್ಡ ಸಹಾಯ.

ನನಗೆ ಮುಖ್ಯವೆನಿಸುವುದು ಪರೀಕ್ಷೆ ಎಲ್ಲಿ ನಡೆಯಬೇಕು ಎಂಬುದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಯನ್ನು ತೂಕ ಹಾಕುವುದು ಒಳಗೆ ಬರುವಾಗ. ಅರೆಯುವ ಪ್ರತಿ ರೋಲರಿನ ಮುಂದೆ ಯಾರೂ ತಕ್ಕಡಿ ಇಡುವುದಿಲ್ಲ. ಪ್ರೋಗ್ರಾಮಿನಲ್ಲೂ ಬಾಗಿಲಲ್ಲೊಮ್ಮೆ ಗಟ್ಟಿಯಾಗಿ ವಿಚಾರಿಸಿ ಒಳಗೆ ನಂಬಿ ನಡೆಯಬೇಕು. ಹಾಗೆ ವಿಚಾರಿಸಲು ಕೇಳುವ ಪ್ರಶ್ನೆ ಸರಿಯಿರಬೇಕು. 2.20 ದಶಮಾಂಶವೋ ಎಂದು ಸಾವಿರ ಸಲ ಕೇಳಿದರೂ ಹೌದೆಂದೇ ಉತ್ತರ ಬರುತ್ತದೆ, ಅದು ಎಕರೆ-ಗುಂಟೆ ಎಂಬುದು ಮಾತ್ರ ಯಾವ ಸಲವೂ ಹೊರಬೀಳುವುದಿಲ್ಲ. ಭಾಷೆ ಕೊಟ್ಟ ಟೈಪುಗಳಲ್ಲಿ ನಮ್ಮ ಹೊಲದ ಅಳತೆಗೆ ಜಾಗವಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಕಟ್ಟುವುದು ಕಷ್ಟವೇನಲ್ಲ. ‘ವಿಸ್ತೀರ್ಣ’ ಎಂಬ ಕ್ಲಾಸ್ ಒಂದನ್ನು ಬರೆದು, ಒಳಗೆ ಎಲ್ಲವನ್ನೂ ಗುಂಟೆಯ ಪೂರ್ಣಾಂಕದಲ್ಲೇ ಇಟ್ಟರಾಯಿತು. 2.20 ಎಂದರೆ 100 ಗುಂಟೆ, 1.30 ಎಂದರೆ 70. ಕೂಡಿದರೆ 170, ಅಚ್ಚು ಮಾಡುವಾಗ 4.10. ಯಾರಾದರೂ 2.45 ಎಂದು ಕೊಟ್ಟರೆ ಆ ಕ್ಲಾಸ್ ಮೌಲ್ಯ ಹುಟ್ಟುವಾಗಲೇ ತಡೆದು, ಗುಂಟೆ 39 ಮೀರುವಂತಿಲ್ಲ ಎಂದು ಕನ್ನಡದಲ್ಲೇ ಹೇಳಲಿ.