ಮನೆಗೆ ಹೋಗುವ ವರದಿ

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಬರುವ ಶ್ವೇತಕೇತುವು 12ನೆಯ ವಯಸ್ಸಿನಲ್ಲಿ ಗುರುಗೃಹಕ್ಕೆ ತೆರಳಿ, ಸಕಲ ವೇದಗಳನ್ನೂ ಅಧ್ಯಯನಮಾಡಿ, 24ನೆಯ ವಯಸ್ಸಿನಲ್ಲಿ ವಿದ್ಯಾಗರ್ವದಿಂದ ಹಿಂದಿರುಗಿದಾಗ, ತಂದೆಯಾದ ಉದ್ದಾಲಕನು ಮಗನು ಕಲಿತುದೆಷ್ಟೆಂಬುದನ್ನು ಗುರುಗಳಿಂದ ವಿಚಾರಿಸದೆ, ಯಾವುದನ್ನು ಅರಿತರೆ ಅರಿಯದುದೂ ಅರಿವಾಗುವುದೋ ಅದನ್ನು ಕೇಳಿ ತಿಳಿದೆಯಾ ಎಂದು ಮಗನನ್ನೇ ಪ್ರಶ್ನಿಸಿದನು. ಶ್ವೇತಕೇತು ಗುರುಗೃಹಕ್ಕೆ ತೆರಳಿದ ವಯಸ್ಸಿನವರೇ ಆದ ಏಳನೆಯ ತರಗತಿಯ ಮಕ್ಕಳ ತಂದೆತಾಯಿಗಳಿಗೆ ಉಪಾಧ್ಯಾಯರಾದ ನಾವು ಬರೆದು ಕಳುಹಿಸುವ ಪತ್ರದಲ್ಲಿ ಕಿರುಪರೀಕ್ಷೆಯ ಅಂಕಗಳೂ, ಪ್ರತಿಭಾ ಕಾರಂಜಿಯ ದಿನವೂ, ಪ್ರವಾಸಕ್ಕೆ ಒಪ್ಪಿಗೆಯ ಕೋರಿಕೆಯೂ ಇರುತ್ತವೆ, ಇರಲೇಬೇಕು. ಅವರು ಮೊದಲು ಅಂಕವನ್ನೇ ಹುಡುಕುವರೆಂಬುದನ್ನು ಬಲ್ಲೆ; ಅದು ಅಕ್ಕರೆಯಿಂದಲೇ ಹುಟ್ಟಿದ ಆತಂಕ. ಆದರೆ ಮಗುವಿನೊಳಗೆ ಉದಯಿಸುವ ಅರಿವನ್ನು ಮತ್ತೊಬ್ಬರು ವರದಿಮಾಡಬಲ್ಲರೇ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಉಪ್ಪನ್ನು ನೀರಿನಲ್ಲಿ ಕರಗಿಸುವ ಪಾಠದ ದಿನ, ಗಾಜಿನ ಲೋಟದ ತಳವನ್ನು ಕಡ್ಡಿಯಿಂದ ಕದಡುತ್ತಿದ್ದ ಹುಡುಗಿಯೊಬ್ಬಳು, ಹರಳುಗಳೆಲ್ಲ ಕಣ್ಮರೆಯಾದ ಮೇಲೆ, "ಉಪ್ಪು ಈಗ ಎಲ್ಲಿದೆ ಸಾರ್?" ಎಂದು ಕೇಳಿದಳು. ಉದ್ದಾಲಕನೂ ಮಗನಿಗೆ ಇಂತಹುದೇ ಉಪ್ಪುನೀರನ್ನು ಮೇಲಿನಿಂದ, ನಡುವಿನಿಂದ, ತಳದಿಂದ ರುಚಿನೋಡಿಸಿ, ಕಾಣದಿದ್ದರೂ ಸರ್ವತ್ರ ವ್ಯಾಪಿಸಿರುವ ಸತ್ತನ್ನು ಬೋಧಿಸಿದ್ದನು. ಆ ಹುಡುಗಿಯ ಪ್ರಶ್ನೆಗೆ ನಮ್ಮ ಪ್ರಗತಿಪತ್ರದಲ್ಲಿ ಅಂಕಣವಿಲ್ಲ. ಆದುದರಿಂದ ಈ ಸಲದ ಪತ್ರದಲ್ಲಿ, ವಿಜ್ಞಾನ ವಸ್ತುಪ್ರದರ್ಶನದ ವಿವರಗಳ ಕೆಳಗೆ, ಪ್ರತಿಯೊಂದು ಮಗುವೂ ತರಗತಿಯಲ್ಲಿ ಕೇಳಿದ ಒಂದೊಂದು ಪ್ರಶ್ನೆಯನ್ನು ಬರೆದು, ಉತ್ತರವನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ಹುಡುಕಬೇಕೆಂದು ಪೋಷಕರನ್ನು ಪ್ರಾರ್ಥಿಸಿದ್ದೇನೆ.